ಹಳೇ ಟ್ರ್ಯಾಕ್ಟರ್ ಹಿಂದೆ ಏನು ಕಟ್ಟಬೇಕು? ಎಚ್‌ಪಿ ಆಮೇಲೆ, ಮೊದ್ಲು ಲಿಫ್ಟು ಮತ್ತೆ ಕ್ಲಚ್ ನೋಡಿ

ಮ್ಯಾಸಿ 1035, ಮಹೀಂದ್ರಾ ಬಿ-275, ಎಚ್‌ಎಂಟಿ 2511, ಸ್ವರಾಜ್ 724, ಇಂಥ ಹಳೇ ಗಾಡಿಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಬೇಕಾದಷ್ಟಿವೆ, ಬರೀ ನಿಂತಿಲ್ಲ, ದುಡೀತಾನೇ ಇವೆ. ಮೂರ್ನಾಲ್ಕು ಎಕರೆ ಇರೋರು ಹೊಸ ಗಾಡಿ ಸಾಲ ತಲೆ ಮೇಲೆ ಎಳ್ಕೊಳ್ಳೋ ಬದ್ಲು ಇದನ್ನೇ ಚೆನ್ನಾಗಿ ಇಟ್ಕೊಂಡ್ರೆ ಸಾಕು ಅಂತ ನಾನಂತೂ ಗಟ್ಟಿಯಾಗಿ ನಂಬಿದೀನಿ. ಆದ್ರೆ ಒಂದು ಮಾತು, ಇವು ಕೆಡೋದು ಹೆಚ್ಚಾಗಿ ಹಿಂದೆ ಕಟ್ಟಿದ ಸಾಮಾನಿಂದ, ಪಕ್ಕದವ್ರ 50 ಎಚ್‌ಪಿ ಗಾಡಿಗೆ ಆರಡಿ ರೋಟವೇಟರ್ (ತಿರುಗೋ ಬ್ಲೇಡಿಂದ ಮಣ್ಣು ಪುಡಿ ಮಾಡೋ ಸಾಮಾನು) ನೋಡಿ ನಮಗೂ ಅದೇ ಬೇಕು ಅಂತ ತಂದು ಕಟ್ಟಿದ್ರೆ ಕ್ಲಚ್ ಪ್ಲೇಟು, ಪಿಟಿಒ (ಇಂಜಿನ್ ಶಕ್ತಿಯಿಂದ ಹಿಂದಿನ ಸಾಮಾನನ್ನ ತಿರುಗಿಸೋ ಶಾಫ್ಟು), ಲಿಫ್ಟು (ಸಾಮಾನನ್ನ ಮೇಲೆತ್ತೋ ಹೈಡ್ರಾಲಿಕ್) ಮೂರೂ ಒಂದೇ ವರ್ಷದಲ್ಲಿ ಮೆಕ್ಯಾನಿಕ್ ಮನೆ ಸೇರ್ತವೆ. ಅದಕ್ಕೇ ಅಂಗಡಿಗೆ ಹೋಗೋ ಮುಂಚೆ ನಿಮ್ಮ ಗಾಡಿ ಹಿಂಭಾಗಕ್ಕೆ ಒಂದರ್ಧ ದಿನ ಕೊಡಿ.

ಮೊದ್ಲು ಲಿಫ್ಟು. ಮನೇಲಿರೋ ಕಲ್ಟಿವೇಟರನ್ನೋ (ಸಾಲಾಗಿ ಹಲ್ಲಿರೋ, ಮಣ್ಣು ಕೆದಕೋ ಸಾಮಾನು), ಇಲ್ದಿದ್ರೆ ಯಾರದ್ದಾದ್ರೂ ಕೇಳ್ಕೊಂಡು ತಂದೋ ಕಟ್ಟಿ, ಪೂರ್ತಿ ಮೇಲೆತ್ತಿ ಇಂಜಿನ್ ಆಫ್ ಮಾಡಿ, ನೆಲದಿಂದ ಕುಳದ ತುದಿವರೆಗೆ ಒಂದು ಕಡ್ಡಿ ಅಳತೆ ಮಾಡಿ ಇಟ್ಕೊಳ್ಳಿ. ಹತ್ತು ನಿಮಿಷ ಬಿಟ್ಟು ನೋಡಿದಾಗ ಅಲ್ಲೇ ನಿಂತಿದ್ರೆ ಒಳ್ಳೇದು, ಒಂದಷ್ಟು ಇಳಿದಿದ್ರೆ ಒಳಗೆ ಸೀಲೋ ವಾಲ್ವೋ ಸವೆದಿದೆ ಅಂತ ಅರ್ಥ, ಅದನ್ನ ರಿಪೇರಿ ಮಾಡಿಸದೇ ಭಾರದ ಸಾಮಾನು ತರಲೇಬೇಡಿ. ಪರೀಕ್ಷೆ ಮಾಡೋವಾಗ ಎತ್ತಿರೋ ಸಾಮಾನಿನ ಕೆಳಗೆ ಕೈಯಾಗ್ಲಿ ಕಾಲಾಗ್ಲಿ ಇಡಬಾರದು, ಮಕ್ಕಳನ್ನ ದೂರ ಕಳಿಸಿ. 1035 ಥರದ ಗಾಡಿ ಹೊಸದ್ರಲ್ಲಿ ಸುಮಾರು 1100 ಕೆಜಿ ಎತ್ತತ್ತೆ ಅಂತ ಕಂಪನಿ ಲೆಕ್ಕ, ಆದ್ರೆ ಮೂವತ್ತು ವರ್ಷ ದುಡಿದ ಲಿಫ್ಟಿಂದ ಅಷ್ಟನ್ನೂ ಕೇಳೋದು ನ್ಯಾಯ ಅಲ್ಲ.

ಅಲ್ಲೇ ಪಿನ್ನುಗಳ ಅಳತೇನೂ ತಗೊಳ್ಳಿ. ಮೂರು ಕಡೆ ಸಿಕ್ಕಿಸೋ ಈ ಕೊಂಡಿ ವ್ಯವಸ್ಥೆ ಹ್ಯಾರಿ ಫರ್ಗುಸನ್ ಅನ್ನೋ ಐರ್ಲೆಂಡಿನವನ ಕಾಣಿಕೆ, ಮ್ಯಾಸಿ ಹೆಸರಿನ ಜೊತೆ ಇರೋ ಫರ್ಗುಸನ್ ಅವನೇ. ಇದ್ರಲ್ಲಿ ಸೈಜ್ ಇದೆ, ಚಿಕ್ಕದು ಕೆಟಗರಿ 1, ಕೆಳಗಿನ ಪಿನ್ನು 22 ಮಿ.ಮೀ, ಟಾಪ್ ಲಿಂಕ್ ಅಂದ್ರೆ ಮೇಲಿನ ಕೊಂಡಿಯ ಪಿನ್ನು 19. ದೊಡ್ಡದು ಕೆಟಗರಿ 2, ಅದು 28 ಮತ್ತೆ 25. ಎರಡನೇ ಸೈಜಿನ ಸಾಮಾನನ್ನ ಮೊದಲನೇ ಸೈಜಿನ ಗಾಡಿಗೆ ಹೆಂಗೋ ವೆಲ್ಡ್ ಮಾಡಿ ಕೂರಿಸ್ತಾರೆ ಕೆಲವ್ರು. ಹಂಗೆ ಮಾಡ್ಬೇಡಿ. ಪಿನ್ನು ದೊಡ್ಡದಿದೆ ಅಂದ್ರೆ ಆ ಸಾಮಾನನ್ನ ದೊಡ್ಡ ಗಾಡಿಗೆ ಅಂತಾನೇ ಮಾಡಿರ್ತಾರೆ.

ಇನ್ನು ಪಿಟಿಒ ಮತ್ತೆ ಕ್ಲಚ್. ಹಳೇ ಗಾಡಿಯವ್ರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ್ದು ಇಲ್ಲೇ, ಯಾಕಂದ್ರೆ ಬಹಳ ಹಳೇ ಮಾಡೆಲ್‌ಗಳು ಸಿಂಗಲ್ ಕ್ಲಚ್. ಅಂದ್ರೆ ನೀವು ಕ್ಲಚ್ ಒತ್ತಿದ್ರೆ ಗಾಡಿನೂ ನಿಲ್ಲತ್ತೆ ಪಿಟಿಒನೂ ನಿಲ್ಲತ್ತೆ, ರೋಟವೇಟರ್ ಹೊಡೀತಾ ಗೇರ್ ಬದಲಾಯಿಸೋಕೆ ಕ್ಲಚ್ ಒತ್ತಿದ ತಕ್ಷಣ ಹಿಂದೆ ಬ್ಲೇಡು ಮಣ್ಣಲ್ಲೇ ನಿಂತು ಕಸ ಸುತ್ಕೊಳ್ಳತ್ತೆ. ಡ್ಯುಯಲ್ ಕ್ಲಚ್ ಆದ್ರೆ ಅರ್ಧ ಒತ್ತಿದಾಗ ಗಾಡಿ ಮಾತ್ರ ನಿಲ್ಲತ್ತೆ, ಪಿಟಿಒ ತಿರುಗ್ತಾನೇ ಇರತ್ತೆ. ನಿಮ್ಮದು ಯಾವುದು ಅಂತ ಗೊತ್ತಿಲ್ದಿದ್ರೆ ಸಮತಟ್ಟಾದ ಬಯಲಲ್ಲಿ ಏನೂ ಕಟ್ಟದೆ ಪಿಟಿಒ ಹಾಕಿ ಲೋ ಗೇರಲ್ಲಿ ನಿಧಾನಕ್ಕೆ ಹೋಗ್ತಾ ಕ್ಲಚ್ ಅರ್ಧ ಒತ್ತಿ, ಒಬ್ಬರು ದೂರದಲ್ಲಿ ಪಕ್ಕಕ್ಕೆ ನಿಂತು ಹಿಂದಿನ ಶಾಫ್ಟ್ ತಿರುಗ್ತಿದ್ಯಾ ಅಂತ ನೋಡಿ ಹೇಳ್ಲಿ.

ಸಿಂಗಲ್ ಕ್ಲಚ್ ಗಾಡಿಗೆ ಹುಲ್ಲು ಕತ್ತರಿಸೋ ಸ್ಲ್ಯಾಶರ್ ಕಟ್ಟೋರು ಇನ್ನೊಂದು ವಿಷಯ ತಿಳ್ಕೊಂಡಿರಬೇಕು. ಆ ಭಾರದ ಬ್ಲೇಡು ಒಮ್ಮೆ ಜೋರಾಗಿ ಸುತ್ತೋಕೆ ಶುರುವಾದ್ರೆ ಕ್ಲಚ್ ಒತ್ತಿದ್ರೂ ನಿಲ್ಲಲ್ಲ, ಆ ಸುತ್ತಿನ ರಭಸ ಪಿಟಿಒ ಮೂಲಕ ಗೇರ್‌ಬಾಕ್ಸಿಗೆ ವಾಪಸ್ ಬಂದು ಗಾಡಿನೇ ಮುಂದಕ್ಕೆ ತಳ್ಳತ್ತೆ, ನೀವು ಬದು ಹತ್ರ, ಬಾವಿ ಹತ್ರ ನಿಲ್ಲಿಸೋಕೆ ಹೋಗಿರ್ತೀರ, ಗಾಡಿ ನಿಲ್ಲಲ್ಲ. ಇದಕ್ಕೆ ಪಿಟಿಒ ಶಾಫ್ಟಿಗೆ ಓವರ್‌ರನ್ ಕಪ್ಲಿಂಗ್ ಅಂತ ಒಂದು ಚಿಕ್ಕ ಸಾಮಾನು ಸಿಗತ್ತೆ, ಒಂದೇ ದಿಕ್ಕಿಗೆ ಶಕ್ತಿ ಬಿಡತ್ತೆ, ವಾಪಸ್ ಬಿಡಲ್ಲ. ಅದಿಲ್ದೆ ಸ್ಲ್ಯಾಶರ್ ಬೇಡವೇ ಬೇಡ. ಕಪ್ಲಿಂಗ್ ಹಾಕಿದ್ಮೇಲೆ ಒಟ್ಟು ಉದ್ದ ಹೆಚ್ಚಾಗತ್ತೆ, ಹಾಗಾಗಿ ಶಾಫ್ಟ್ ಅಳತೆ ಮತ್ತೆ ನೋಡ್ಬೇಕು.

ಶಾಫ್ಟ್ ತುದಿಯ ಹಲ್ಲು ಅಂದ್ರೆ ಸ್ಪ್ಲೈನ್ ಆರು ಇರತ್ತೆ, ದಪ್ಪ ಸುಮಾರು 35 ಮಿ.ಮೀ, 540 ಆರ್‌ಪಿಎಂ (ನಿಮಿಷಕ್ಕೆ 540 ಸುತ್ತು) ಪಿಟಿಒಗೆ ಇದೇ ಸೈಜು. ಇಂಜಿನ್ ಆಫ್ ಮಾಡಿ ಗ್ರೀಸ್ ಒರೆಸಿ ಬೆರಳಾಡಿಸಿ ನೋಡಿ, ಹಲ್ಲಿನ ಅಂಚು ಎರಡೂ ಕಡೆ ನೆಟ್ಟಗಿದ್ರೆ ಸರಿ, ಒಂದು ಪಕ್ಕ ಮಾತ್ರ ಸವೆದು ಚೂಪಾಗಿದ್ರೆ ಆ ಗಾಡಿ ರೋಟವೇಟರಲ್ಲಿ ಬೇಕಾದಷ್ಟು ದುಡಿದಿದೆ.

ಈಗ ಜಮೀನಿಗೆ ಬರೋಣ. ನನ್ನನ್ನ ಕೇಳಿದ್ರೆ ಮೊದಲನೇ ಖರೀದಿ ಕಲ್ಟಿವೇಟರ್, ಅದ್ರಲ್ಲಿ ಎರಡನೇ ಮಾತಿಲ್ಲ. ತುಮಕೂರು, ಕೋಲಾರದ ಕಡೆ ಕೆಂಪು ಮಣ್ಣಲ್ಲಿ ಕಲ್ಲು ಜಾಸ್ತಿ, ಅಲ್ಲಿ ಸ್ಪ್ರಿಂಗ್ ಇರೋ ಕಲ್ಟಿವೇಟರೇ ತಗೊಳ್ಳಿ, ಹಲ್ಲು ಕಲ್ಲಿಗೆ ಸಿಕ್ಕಿದ್ರೆ ಹಿಂದಕ್ಕೆ ಬಾಗಿ ದಾಟ್ಕೊಳ್ಳತ್ತೆ. 35 ಎಚ್‌ಪಿಗೆ ಒಂಬತ್ತು ಹಲ್ಲು ಆಗತ್ತೆ, ಎಚ್‌ಎಂಟಿ 2511 ಥರ 25 ಎಚ್‌ಪಿ ಗಾಡಿಗೆ ಏಳು ಹಲ್ಲು ಸಾಕು. ಒಂಬತ್ತು ಹಲ್ಲಿಂದೇ ಸಿಕ್ತು ಅಂದ್ರೂ ಚಿಂತೆ ಇಲ್ಲ, ಎರಡು ಹಲ್ಲು ಬಿಚ್ಚಿಟ್ಟು ಕ್ಲಾಂಪ್ ಸಡಿಲಿಸಿ ಉಳಿದವನ್ನ ಸಮವಾಗಿ ಹಂಚಿ, ಹಿಂದಿನ ಚಕ್ರದ ಗುರುತನ್ನ ಅಂಚಿನ ಹಲ್ಲು ಕೆದಕೋ ಹಂಗಿದ್ರೆ ಆಯ್ತು. ಧಾರವಾಡ, ಗದಗದ ಎರೆ ಭೂಮಿಯವ್ರಿಗೆ ಕಲ್ಟಿವೇಟರ್ ಜೊತೆಗೆ ಬ್ಲೇಡ್ ಕುಂಟೆನೂ ಬೇಕು, ಕಳೆ ಬುಡ ಕೊಯ್ದು ಮೇಲ್ಮಣ್ಣು ಸಡಿಲ ಮಾಡೋಕೆ ಅದಕ್ಕಿಂತ ಹಗುರದ ಸಾಮಾನು ಇನ್ನೊಂದಿಲ್ಲ, ಊರ ಕಮ್ಮಾರ, ವೆಲ್ಡಿಂಗ್ ಶಾಪಿನವ್ರೇ ಮಾಡಿಕೊಡ್ತಾರೆ.

ಎರಡನೇದು ನಿಮ್ಮ ಬೆಳೆ ಮೇಲೆ ಹೋಗತ್ತೆ. ಶೇಂಗಾ, ಮೆಕ್ಕೆಜೋಳ ಹಾಕೋರಿಗೆ ಟ್ರ್ಯಾಕ್ಟರ್ ಕೂರಿಗೆ ಲಾಭ, ಗದ್ದೆಯವ್ರಿಗೆ ಕೇಜ್ ವೀಲು (ಕೆಸರಿಗೆ ಹಾಕೋ ಕಬ್ಬಿಣದ ಪಂಜರದಂಥ ಚಕ್ರ). ಎಡೆ ಹೊಡೆಯೋ ಆಸೆ ಇದ್ರೆ ಹಿಂದಿನ ಚಕ್ರಗಳ ಅಗಲ ಅಳೆದು ಅದಕ್ಕೆ ತಕ್ಕಂತೆ ಸಾಲು ಬಿಡಬೇಕು, ರಿಮ್ ಮಗುಚಿ ಹಾಕಿ ಚಕ್ರದ ಅಗಲ ಬದಲಾಯಿಸೋ ಅನುಕೂಲ ಹಳೇ ಗಾಡಿಗಳಲ್ಲೂ ಇದೆ.

ರೋಟವೇಟರ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ. ಅಡಿಗೆ ಎಂಟರಿಂದ ಹತ್ತು ಎಚ್‌ಪಿ ಅಂತ ಇಟ್ಕೊಳ್ಳಿ, 35 ಎಚ್‌ಪಿ ಹಳೇ ಗಾಡಿಗೆ ನಾಲ್ಕಡಿ, ಅದಕ್ಕಿಂತ ಮೇಲೆ ಬೇಡ. ಇಂಜಿನ್ ಶಕ್ತಿ ಪೂರ್ತಿ ಪಿಟಿಒಗೆ ಬರಲ್ಲ, ಅದ್ರ ಮೇಲೆ ಹಳೇ ಇಂಜಿನ್. ಗಾಡಿ ಗಂಟೆಗೆ ಎರಡು-ಮೂರು ಕಿಲೋಮೀಟರಿಗಿಂತ ಜೋರು ಹೋಗಬಾರದು, ನಿಮ್ಮ ಲೋ ಫಸ್ಟ್ ಗೇರಲ್ಲೂ ಅದಕ್ಕಿಂತ ಓಡತ್ತೆ ಅಂದ್ರೆ ಮಣ್ಣು ಪುಡಿಯಾಗೋ ಮುಂಚೆ ಗಾಡಿ ಸುಸ್ತಾಗತ್ತೆ. ಗಾಡಿ ತಡ್ಕೊಂಡ್ರೂ ಮಣ್ಣಿನ ಮಾತು ಬೇರೆ ಇದೆ, ಪ್ರತಿ ಸಲಾನೂ ರೋಟವೇಟರೇ ಹೊಡೆದ್ರೆ ಮೇಲಿನ ನಾಲ್ಕಿಂಚು ಧೂಳಾಗಿ ಅದ್ರ ಕೆಳಗೆ ಗಟ್ಟಿ ಪದರ ಕೂತು ಮಳೆ ನೀರು ಇಳಿಯಲ್ಲ, ರಾಗಿ ಹೊಲ ಆಗ್ಲಿ ತೋಟ ಆಗ್ಲಿ ಇದು ನಿಜವಾದ ನಷ್ಟ. ಬೇಕಾದಾಗ ಬಾಡಿಗೆಗೆ ಕರೆಸಿ.

ಹಂಗೇ ರೆಕ್ಕೆ ನೇಗಿಲು, ಪಲ್ಟಿ ನೇಗಿಲೂ ಬಾಡಿಗೆಗೇ ಸರಿ, ಮಾಗಿ ಉಳುಮೆ ಸಣ್ಣ ಜಮೀನಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಆಳವಾಗಿ ಆದ್ರೆ ಸಾಕಾಗತ್ತೆ. ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ದೊಡ್ಡ ಗಾಡಿ ಸಮೇತ ಸಿಗತ್ತೆ. ಹೊಸ ಸಾಮಾನು ಕೊಳ್ಳೋದಾದ್ರೆ ಮೊದ್ಲು ರೈತ ಸಂಪರ್ಕ ಕೇಂದ್ರಕ್ಕೆ ಎಫ್‌ಐಡಿ ನಂಬರ್ (ರೈತರ ಗುರುತಿನ ಸಂಖ್ಯೆ) ತಗೊಂಡು ಹೋಗಿ ಯಾವುದಕ್ಕೆ ಸಬ್ಸಿಡಿ ಇದೆ ಅಂತ ವಿಚಾರಿಸಿ, ಆಮೇಲೆ ಡೀಲರ್ ಹತ್ರ ರೇಟ್ ಮಾತಾಡಿ.

ಟ್ರೇಲರ್ ಇದ್ದೇ ಇರತ್ತೆ ಎಲ್ಲರ ಮನೇಲೂ. ಹಳೇ ಗಾಡಿ ಬ್ರೇಕು ಎಷ್ಟು ಹಿಡಿಯತ್ತೋ ಅಷ್ಟೇ ಲೋಡು. ಏನನ್ನೇ ಎಳೆಯೋದಿದ್ರೂ, ಮರದ ದಿಮ್ಮಿ ಆದ್ರೂ, ಕೆಳಗಿನ ಡ್ರಾಬಾರಿಗೇ (ಎಳೆಯೋಕೆ ಅಂತಾನೇ ಇರೋ ಕಬ್ಬಿಣದ ಪಟ್ಟಿ) ಕೊಂಡಿ ಹಾಕಿ. ಟಾಪ್ ಲಿಂಕ್ ಜಾಗಕ್ಕೋ ಆಕ್ಸಲ್‌ಗೋ ಚೈನ್ ಸುತ್ತಿ ಎಳೆದ್ರೆ ಮುಂದಿನ ಚಕ್ರ ಎದ್ದು ಗಾಡಿ ಹಿಂದಕ್ಕೆ ಮಗುಚತ್ತೆ, ಓಡಿಸೋರಿಗೆ ಹಾರೋಕೂ ಟೈಮ್ ಇರಲ್ಲ, ಹಳೇ ಗಾಡೀಲಿ ರಕ್ಷಣೆಗೆ ರೋಲ್ ಬಾರೂ ಇರಲ್ಲ. ಭಾರದ ಸಾಮಾನು ಎತ್ತಿದಾಗ ಸ್ಟೀರಿಂಗ್ ಹಗುರ ಅನ್ನಿಸಿದ್ರೆ ಮುಂದೆ ವೇಟ್ ಹಾಕ್ಲೇಬೇಕು, ಅಥವಾ ಆ ಸಾಮಾನು ನಿಮ್ಮ ಗಾಡಿಗೆ ಜಾಸ್ತಿ ಆಯ್ತು ಅಂತ ಬಿಟ್ಟುಬಿಡಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳೋವಾಗ ಹೊಸ ಪೇಂಟ್ ನೋಡಿ ಮೋಸ ಹೋಗ್ಬೇಡಿ, ಫ್ರೇಮಿನ ಮೂಲೆಗಳಲ್ಲಿ ಪೇಂಟ್ ಕೆಳಗೆ ವೆಲ್ಡಿಂಗ್ ಗಂಟು ಇದ್ಯಾ ಅಂತ ಕೈಯಲ್ಲೇ ಮುಟ್ಟಿ ನೋಡಿ. ರೋಟವೇಟರ್ ಆದ್ರೆ ರೋಟರನ್ನ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಆಟ ಇದ್ರೆ ಬೇರಿಂಗ್ ಹೋಗಿದೆ. ಗೇರ್‌ಬಾಕ್ಸ್ ಆಯಿಲ್ ಬಿಚ್ಚಿಸಿ ನೋಡಿ, ಹಾಲಿನ ಥರ ಬೆಳ್ಳಗಾಗಿದ್ರೆ ನೀರು ಸೇರಿದೆ.

ತಂದ ದಿನ ಪಿಟಿಒ ಶಾಫ್ಟ್ ಜೋಡಿಸಿ ಸಾಮಾನನ್ನ ನಿಧಾನಕ್ಕೆ ಮೇಲೆ ಕೆಳಗೆ ಮಾಡಿ ನೋಡಿ, ಪಿಟಿಒ ಆಫ್ ಇರ್ಲಿ. ಶಾಫ್ಟ್ ಅತಿ ಹತ್ರ ಬಂದಾಗ ಒಳಗಿನ ಪೈಪು ಕೊನೆ ಮುಟ್ಟಿ ಒತ್ತಬಾರದು, ಅತಿ ದೂರ ಹೋದಾಗ ಒಂದರೊಳಗೊಂದು ಮೂರನೇ ಒಂದು ಭಾಗನಾದ್ರೂ ಉಳಿದಿರಬೇಕು. ಉದ್ದ ಆದ್ರೆ ಎರಡೂ ಪೈಪನ್ನ ಸಮ ಕತ್ತರಿಸಿ, ಮೇಲಿನ ಪ್ಲಾಸ್ಟಿಕ್ ಗಾರ್ಡನ್ನೂ ಅಷ್ಟೇ ಕತ್ತರಿಸಿ ವಾಪಸ್ ಹಾಕಿ, ಕಿತ್ತು ಬಿಸಾಡ್ಬೇಡಿ, ಪಂಚೆ ತುದಿ, ಸೀರೆ ಸೆರಗು ಸುತ್ಕೊಳ್ಳೋದು ಅಲ್ಲೇ. ಆಮೇಲೆ ಹೊಲಕ್ಕೆ ಇಳಿಸಿ, ಮೊದಲನೇ ಒಂದು ಗಂಟೆ ಕಡಿಮೆ ಆಳದಲ್ಲಿ ಹೊಡೆದು ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಎಲ್ಲಾ ಬೋಲ್ಟು ಇನ್ನೊಂದು ಸಲ ಬಿಗಿ ಮಾಡಿ.