ಮುಂಬೈಯಲ್ಲಿ ಡಿ-ಅಡಿಕ್ಷನ್ ಕೌನ್ಸೆಲರ್ ಆಗೋಕೆ ಯಾವ ಲೈಸೆನ್ಸ್ ಬೇಕು?

ಹೋದ ತಿಂಗಳು ಊರಿನ ಕಡೆಯ ಹುಡುಗಿಯೊಬ್ಬಳು ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದಳು. ಧಾರವಾಡದಲ್ಲಿ ಎಂ.ಎಸ್.ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಕೆಲಸ ಹುಡುಕಿಕೊಂಡು ಬಂದವಳು. 'ಇಲ್ಲಿ ಕೌನ್ಸೆಲಿಂಗ್ ಮಾಡಾಕ ಲೈಸೆನ್ಸ್ ಬೇಕಂತಲ್ರೀ ಅಕ್ಕಾ, ಅದಕ್ಕ ಸೇರಿಬಿಟ್ಟೆ' ಅಂತ ಒಂದು ರಸೀದಿ ತೋರಿಸಿದಳು. ಆರು ತಿಂಗಳ ಡಿಪ್ಲೊಮಾ, ಮೊದಲ ಕಂತು 15 ಸಾವಿರ. ನೋಡಿ ಹೊಟ್ಟೆ ಉರಿಯಿತು. ಹನ್ನೊಂದು ವರ್ಷದ ಹಿಂದೆ ನಾನೂ ಹೀಗೇ 38 ಸಾವಿರ ಕಟ್ಟಿದ್ದೆ. ಈ ನಡುವೆ ಇಂಥವರನ್ನು ನಾಲ್ಕೈದು ಜನರನ್ನಾದರೂ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಆ ಸರ್ಟಿಫಿಕೇಟ್ ಈಗಲೂ ಕಪಾಟಿನಲ್ಲಿದೆ. ದಪ್ಪ ಕಾಗದ, ಬಂಗಾರದ ಬಣ್ಣದ ಮುದ್ರೆ, ಮೇಲೆ ದೊಡ್ಡದಾಗಿ 'ಸರ್ಕಾರಿ ನೋಂದಾಯಿತ'. ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ನಂಬರು. ನಾನು ಅದನ್ನೇ ನನ್ನ ಲೈಸೆನ್ಸ್ ನಂಬರು ಅಂದುಕೊಂಡಿದ್ದೆ. ಥಾಣೆ ಕಡೆಯ ಒಂದು ಆಸ್ಪತ್ರೆಯ ಇಂಟರ್‌ವ್ಯೂನಲ್ಲಿ ಡಾಕ್ಟರು ಆ ನಂಬರಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದು ಕೇಳಿದರು: 'ಇದು ಯಾರ ನೋಂದಣಿ, ನಿಮ್ಮದಾ, ಅವರದಾ?' ಒಂದು ನಂಬರು 1860ರ ಸೊಸೈಟಿ ಕಾಯಿದೆಯದು. ಇನ್ನೊಂದು 'ಎಫ್' ಅಂತ ಶುರುವಾಗುವುದು, ಮಹಾರಾಷ್ಟ್ರದ 1950ರ ಟ್ರಸ್ಟ್ ಕಾಯಿದೆಯದು. ಎರಡೂ ಆ ಸಂಸ್ಥೆಯ ನೋಂದಣಿ. ನನಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಐಎಸ್‌ಒ 9001 ಅಂತ ಹಾಕಿರುವುದೂ ಹಾಗೆಯೇ. ಅದು ಆಡಳಿತ ನಡೆಸುವ ಪದ್ಧತಿಗೆ ಕೊಡುವುದು, ಕೋರ್ಸಿನ ಮಾನ್ಯತೆ ಅಲ್ಲ.

ಇಂಥ ಕೋರ್ಸು ನಡೆಸುವವರು ಇನ್ನೊಂದು ಮಾತು ಹೇಳುತ್ತಾರೆ: 'ಇದು ಆರ್‌ಸಿಐ ಇದ್ದ ಹಾಗೆ'. ಆರ್‌ಸಿಐ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು, 1992ರ ಕಾಯಿದೆಯಿಂದ ಬಂದದ್ದು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಅಲ್ಲಿ ಹೆಸರು ಇರಲೇಬೇಕು. ಹೆಸರಿಲ್ಲದೆ ಕೆಲಸ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಂತ ಕಾಯಿದೆಯಲ್ಲೇ ಇದೆ. ಆದರೆ ಅವರ ಪಟ್ಟಿಯಲ್ಲಿ 'ಡಿ-ಅಡಿಕ್ಷನ್ ಕೌನ್ಸೆಲರ್' ಅನ್ನುವ ವರ್ಗವೇ ಇಲ್ಲ. ಇಲ್ಲದ ಲೈಸೆನ್ಸನ್ನು ಯಾರು ಕೊಡುತ್ತಾರೆ ಹೇಳಿ?

ಎಂ.ಎಸ್.ಡಬ್ಲ್ಯೂ ಆದವರಿಗೆ ವಿಷಯ ಇಷ್ಟೇ. ವ್ಯಸನಮುಕ್ತಿ ಕೇಂದ್ರಗಳ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಕೇಳುವುದು ಎಂ.ಎಸ್.ಡಬ್ಲ್ಯೂ ಅಥವಾ ಎಂ.ಎ. ಸೈಕಾಲಜಿ. ಮಾನ್ಯತೆ ಇರುವ ವಿಶ್ವವಿದ್ಯಾಲಯದ ಡಿಗ್ರಿ ಆದರೆ ಧಾರವಾಡದ್ದೂ ನಡೆಯುತ್ತದೆ, ದೇವನಾರ್‌ನ ಟಾಟಾ ಇನ್‌ಸ್ಟಿಟ್ಯೂಟಿನದೇ ಆಗಬೇಕಿಲ್ಲ. ಆದರೆ 'ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್' ಅಂತ ಬೋರ್ಡು ಹಾಕಿಕೊಳ್ಳಬೇಡಿ. 2017ರ ಮಾನಸಿಕ ಆರೋಗ್ಯ ಕಾಯಿದೆ ಆ ಹೆಸರಿಗೆ ಎಂ.ಎಸ್.ಡಬ್ಲ್ಯೂ ಮೇಲೆ ಎರಡು ವರ್ಷದ ಎಂ.ಫಿಲ್ ಕೇಳುತ್ತದೆ. ಜೊತೆಗೆ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಬೇಕು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಎಂ.ಫಿಲ್‌ಗಳನ್ನು ನಿಲ್ಲಿಸಿ, ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕಿಗೆ ಮಾತ್ರ 2025-26ರವರೆಗೆ ಅವಕಾಶ ಕೊಟ್ಟಿತ್ತು. ಹಾಗಾಗಿ ಯಾರಾದರೂ ಹೊಸದಾಗಿ ಎಂ.ಫಿಲ್ ಸೀಟು ಕೊಡುತ್ತೇವೆ ಅಂದರೆ ಫೀಸು ಕಟ್ಟುವ ಮೊದಲು ಯುಜಿಸಿ ಆದೇಶ ಕೈಯಲ್ಲಿ ಹಿಡಿದು ಓದಿ.

ನಿಜವಾಗಿ ಕೇಳಬೇಕಾದ ಲೈಸೆನ್ಸ್ ನೀವು ಸೇರುವ ಕೇಂದ್ರದ್ದು. ಅದೇ 2017ರ ಕಾಯಿದೆಯಲ್ಲಿ ಕುಡಿತ, ಡ್ರಗ್ಸ್‌ನಿಂದ ಬರುವ ಮಾನಸಿಕ ತೊಂದರೆಯೂ ಕಾಯಿಲೆಯ ವ್ಯಾಖ್ಯೆಯೊಳಗೆ ಬರುತ್ತದೆ. ಅಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಜಾಗಕ್ಕೆ ಆ ಪ್ರಾಧಿಕಾರದ ನೋಂದಣಿ ಬೇಕು. ಇಲ್ಲದಿದ್ದರೆ ಮಾಲೀಕರಿಗೆ ಮೊದಲ ಸಲ 5 ಸಾವಿರದಿಂದ 50 ಸಾವಿರ ದಂಡ. ಗೊತ್ತಿದ್ದೂ ಅಲ್ಲಿ ಮಾನಸಿಕ ಆರೋಗ್ಯ ತಜ್ಞರಾಗಿ ಕೆಲಸ ಮಾಡಿದವರಿಗೂ 25 ಸಾವಿರದವರೆಗೆ ದಂಡ ಇದೆ.

ದಂಡಕ್ಕಿಂತ ನನಗೆ ಬೇರೆಯದೇ ಭಯ. ನಾನು ಮೊದಲು ಸೇರಿದ್ದು ಒಂದು ಬಾಡಿಗೆ ಬಂಗಲೆಯ ಕೇಂದ್ರ. ರಾತ್ರಿ ಡಾಕ್ಟರು ಇಲ್ಲ, ನರ್ಸೂ ಇಲ್ಲ. ಒಬ್ಬ ರಿಕ್ಷಾ ಡ್ರೈವರ್ ಸೇರಿ ಎರಡನೇ ರಾತ್ರಿ. ಚಾದರದ ಮೇಲಿಂದ ಏನನ್ನೋ ಹೆಕ್ಕಿ ಹೆಕ್ಕಿ ಬಿಸಾಡುತ್ತಿದ್ದ. 'ಮುಂಗ್ಯಾ, ಮುಂಗ್ಯಾ' ಅನ್ನುತ್ತಿದ್ದ. ಮರಾಠಿಯಲ್ಲಿ ಇರುವೆಗಳು. ಚಾದರದಲ್ಲಿ ಒಂದೂ ಇರುವೆ ಇರಲಿಲ್ಲ. ವಾರ್ಡ್‌ಬಾಯ್ 'ನಾಟಕ ಮಾಡ್ತಿದ್ದಾನೆ' ಅಂದ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವವೇ ಹೋಗಬಹುದು. ನನ್ನ 38 ಸಾವಿರದ ಕೋರ್ಸಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವನ ಹೆಂಡತಿಗೆ ಫೋನ್ ಮಾಡಿ, ಅವನದೇ ಸ್ಟ್ಯಾಂಡಿನ ರಿಕ್ಷಾದಲ್ಲಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬದುಕಿದ. ನಾನು ಆ ವಾರವೇ ಕೆಲಸ ಬಿಟ್ಟೆ. ಅಲ್ಲಿಯ ಅನುಭವ ಪತ್ರವನ್ನು ಮುಂದೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆದ್ದರಿಂದ ಇಂಟರ್‌ವ್ಯೂಗೆ ಹೋದಾಗ ಸಂಬಳಕ್ಕಿಂತ ಮೊದಲು ಎರಡು ಪ್ರಶ್ನೆ ಕೇಳಿ. ಪ್ರಾಧಿಕಾರದ ನೋಂದಣಿ ಪತ್ರ ಎಲ್ಲಿದೆ? ರಾತ್ರಿ ಯಾವ ಡಾಕ್ಟರು ಬರುತ್ತಾರೆ? ಮುಖ ಗಂಟಿಕ್ಕಿದರೆ ಎದ್ದು ಬನ್ನಿ. ಒಳ್ಳೆಯ ಕೇಂದ್ರ ಹೇಗಿರುತ್ತದೆ ಅಂತ ತಿಳಿಯಬೇಕಾದರೆ ಪುಣೆಯ ಮುಕ್ತಾಂಗಣಕ್ಕೆ ಒಮ್ಮೆ ಹೋಗಿ ಬನ್ನಿ. 1986ರಿಂದ ನಡೆಯುತ್ತಿದೆ.

ನನ್ನನ್ನು ಕೇಳಿದರೆ ನರ್ಸುಗಳ ಪದ್ಧತಿಯೇ ಮೇಲು. ಅವರಿಗೆ ಕೌನ್ಸಿಲ್ ಇದೆ, ನಂಬರಿದೆ, ತಪ್ಪು ಮಾಡಿದರೆ ಕೇಳುವವರಿದ್ದಾರೆ. 2021ರ ಅಲೈಡ್ ಆರೋಗ್ಯ ವೃತ್ತಿಗಳ ಕಾಯಿದೆ ಸೋಶಿಯಲ್ ವರ್ಕರ್ ಮತ್ತು ಕೌನ್ಸೆಲರುಗಳನ್ನೂ ಪಟ್ಟಿಗೆ ಸೇರಿಸಿದೆ. ಒಳ್ಳೆಯದೇ ಆಯಿತು. ಅದಕ್ಕೂ ಬೇಕಾಗುವುದು ಮಾನ್ಯತೆ ಇರುವ ಡಿಗ್ರಿಯೇ.

ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವವರಿಗೆ ಒಂದೇ ಮಾತು: ಕರ್ನಾಟಕದ ಜಾತಿ ಪ್ರಮಾಣಪತ್ರದ ಮೇಲೆ ಮಹಾರಾಷ್ಟ್ರ ಸರ್ಕಾರದ ಕೆಲಸದಲ್ಲಿ ಮೀಸಲಾತಿ ಸಿಗುವುದಿಲ್ಲ.

ಮರಾಠಿಯನ್ನಂತೂ ಇಲ್ಲಿಗೆ ಬಂದ ದಿನದಿಂದಲೇ ಕಲಿಯಿರಿ. ರೋಗಿ ಹೇಗೋ ಹಿಂದಿಯಲ್ಲಿ ಮಾತಾಡುತ್ತಾನೆ. ಅವನ ತಾಯಿ ಅಳುವುದು ಮರಾಠಿಯಲ್ಲಿ. ನಿಮ್ಮ ಕನ್ನಡವೂ ಬೇಕಾಗುತ್ತದೆ. ಕುಂದಾಪುರದ ಕಡೆಯ ಹೋಟೆಲ್ ಅಡುಗೆಯವರು, ಕಲಬುರಗಿಯಿಂದ ಬಂದ ಗಾರೆ ಕೆಲಸದವರು ನಮ್ಮ ವಾರ್ಡಿಗೆ ಬರುತ್ತಲೇ ಇರುತ್ತಾರೆ. 'ಏನ್ರೀ, ಊಟ ಆತಾ?' ಅಂದರೆ ಸಾಕು, ಮೂರು ದಿನ ಬಾಯಿ ಬಿಡದವರು ಮಾತಾಡಲು ಶುರು ಮಾಡುತ್ತಾರೆ.

ಆ ಹುಡುಗಿ ಎರಡನೇ ಕಂತು ಕಟ್ಟಲಿಲ್ಲ. ಮೊದಲನೆಯದು ವಾಪಸ್ ಬಂದಿಲ್ಲ, ಇನ್ನೂ ಓಡಾಡುತ್ತಿದ್ದೇವೆ. ಸೋಮವಾರ ಅವಳಿಗೆ ಇಂಟರ್‌ವ್ಯೂ ಇದೆ.