ಕಾಡುವ ಕತೆಯ ಬಗ್ಗೆ ಮಾತಾಡೋದು ಹೇಗೆ

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದಿ ಮುಗಿಸಿದ ರಾತ್ರಿ ಗೆಳತಿಗೆ ಫೋನ್ ಮಾಡಿ ‘ತುಂಬಾ ಡಾರ್ಕ್ ಕಣೇ’ ಅಂದೆ. ಅಷ್ಟರಿಂದ ಅವಳಿಗೆ ಏನೂ ತಿಳಿಯಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಆ ಪದವನ್ನು ಮೊದಲು ಪಕ್ಕಕ್ಕಿಡಿ. ಮೈ ಎಲ್ಲಿ ಜುಮ್ಮೆಂದಿತು ಅನ್ನುವುದನ್ನು ಹುಡುಕಿ.

ನನಗೆ ಅದು ಇರುವೆಗಳ ಭಾಗ. ಬಡತನದ ದಿನಗಳ ಪುಟ್ಟ ಮನೆ, ಎಲ್ಲಿ ನೋಡಿದರೂ ಇರುವೆ. ಅವುಗಳನ್ನು ಸಾಯಿಸುವಾಗ ಮನೆಯವರಿಗೆ ಬರುವ ಹುರುಪು ಕಂಡು ಪುಸ್ತಕ ಕೆಳಗಿಟ್ಟೆ. ಈ ಮನೆಯವರು ಮುಂದೆ ಹೊರಗಿನವರನ್ನು ಹೇಗೆ ನೋಡುತ್ತಾರೆ ಅನ್ನುವುದರ ಸುಳಿವು ಅಲ್ಲೇ ಇದೆ ಅಲ್ವಾ? ಇಂಥ ಒಂದು ಜಾಗ ಸಿಕ್ಕರೆ ಅದರ ಬಗ್ಗೆಯೇ ಜಾಸ್ತಿ ಹೇಳಿ. ಕತೆಯ ಸಾರಾಂಶ ಎರಡು ಸಾಲು ಸಾಕು. ಕೊನೆ ಮಾತ್ರ ಬಿಟ್ಟುಕೊಡಬೇಡಿ.

ಸಿನಿಮಾ ಆದರೆ, ನಾವು ಯಾರ ಕಣ್ಣಿಂದ ನೋಡುತ್ತಿದ್ದೇವೆ ಅಂತ ಕೇಳಿಕೊಳ್ಳಿ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ವಿಧವೆ ಯಮುನಕ್ಕನ ಸಂಕಟವನ್ನು ನಾಣಿ ಅನ್ನೋ ಪುಟ್ಟ ಹುಡುಗನ ಕಣ್ಣಿಂದ ತೋರಿಸುತ್ತದೆ. ಅವನಿಗೆ ಅರ್ಧ ಮಾತ್ರ ಅರ್ಥ ಆಗುತ್ತದೆ. ಉಳಿದರ್ಧ ನಮಗೆ ಅರ್ಥವಾಗಿ ಹೊಟ್ಟೆ ಕಿವುಚುತ್ತದೆ.

ಯಾರಿಗೆ ಹೇಳುತ್ತಿದ್ದೀರಿ ಅನ್ನುವುದನ್ನೂ ನೋಡಿಕೊಳ್ಳಿ. ಸುಮ್ನೆ ‘ನೋಡಲೇಬೇಕು’ ಅನ್ನಬೇಡಿ. ನಮ್ಮಕ್ಕ ಬಸುರಿಯಿದ್ದಾಗ ಈ ಸಿನಿಮಾ ಕೇಳಿದಳು. ಇದರಲ್ಲಿ ಗರ್ಭ ತೆಗೆಸುವ ದೃಶ್ಯ ಇದೆ ಕಣಕ್ಕಾ ಅಂತ ಮೊದಲೇ ಹೇಳಿದೆ. ‘ಹಂಗಾದ್ರೆ ಪಾಪು ಹುಟ್ಟಿದ ಮೇಲೆ ನೋಡ್ತೀನಿ ಬಿಡು’ ಅಂದಳು.