ಕರ್ವಾಲೊ ಓದಿದ್ವಿ, ಹಾರೋ ಓತಿ ನೋಡಿದ್ವಿ

ಓದೋದು, ತೋಟ ಸುತ್ತೋದು ಎರಡನ್ನೂ ಸೇರಿಸಿ ಹೆಂಗೆ ಮಾಡಿದ್ರಿ ಅಂತ ಸುಮಾರು ಜನ ಕೇಳಿದ್ರು, ಅದಕ್ಕೆ ಬರೀತಿದೀನಿ. ನಮ್ದು ಮಲೆನಾಡಿನ ಸಣ್ಣ ಊರು, ಪಂಚಾಯ್ತಿ ಲೈಬ್ರರಿಗೆ ಈಗ ಅರಿವು ಕೇಂದ್ರ ಅಂತ ಬೋರ್ಡ್ ಬಂದಿದೆ, ಭಾನುವಾರ ಅಲ್ಲೇ ಹೈಸ್ಕೂಲ್ ಮಕ್ಕಳು, ಸ್ವಸಹಾಯ ಸಂಘದ ಹೆಂಗಸರು, ತೋಟದ ಕೆಲಸದವರು ಎಲ್ಲಾ ಸೇರಿ ಕೂತು ಓದ್ತೀವಿ.

ಆರಿಸಿದ್ದು ತೇಜಸ್ವಿಯವರ ಕಾದಂಬರಿ ಕರ್ವಾಲೊ. 1980ರ ಪುಸ್ತಕ, ಆದ್ರೆ ಅದರಲ್ಲಿ ಹುಡುಕ್ಕೊಂಡು ಹೋಗೋ ಹಾರುವ ಓತಿಯ ಜಾತಿಯದ್ದೇ ನಮ್ಮ ಅಡಿಕೆ ತೋಟದಲ್ಲಿ ಇವತ್ತಿಗೂ ಇದೆ. ಪುಸ್ತಕದಲ್ಲಿ ಇರೋದನ್ನ ಕಣ್ಣಾರೆ ನೋಡ್ಬಹುದು ಅಂದ್ರೆ ಓದೋಕೆ ಬರೋ ಹುರುಪೇ ಬೇರೆ.

ಮನೇಲಿ ಓದ್ಕೊಂಡು ಬನ್ನಿ ಅಂತ ಹೇಳಲೇ ಇಲ್ಲ. ಒಬ್ಬೊಬ್ರು ಒಂದೆರಡು ಪುಟ ಗಟ್ಟಿಯಾಗಿ ಓದೋದು, ಉಳಿದವರು ಕೇಳೋದು, ಹಿಂಗಾದ್ರೆ ಅಕ್ಷರ ಬಾರದವರೂ ಬಂದು ಕೂರ್ತಾರೆ. ಕಾದಂಬರೀಲಿ ಬರೋ ಮಂದಣ್ಣನ ಜೇನಿನ ವಿಷಯ ಬಂದಾಗ ಎಲ್ರೂ ತಾವು ಜೇನು ಕಿತ್ತ ಕತೆ ಶುರು ಮಾಡಿ ಓದು ಅಲ್ಲಿಗೇ ನಿಲ್ಲೋದು, ನಿಲ್ಲಲಿ ಅಂತ ಬಿಡ್ತಿದ್ದೆ, ಅದೂ ಓದಿನ ಭಾಗಾನೇ ಅಂತ ನನ್ನ ಅಭಿಪ್ರಾಯ. ಕೊನೇ ಭಾಗ ಮಾತ್ರ ಬೇಕಂತಲೇ ಉಳಿಸ್ಕೊಂಡ್ವಿ, ತೋಟದಲ್ಲಿ ಓದೋಣ ಅಂತ.

ಹೊರಟಿದ್ದು ಫೆಬ್ರವರಿ ಕೊನೇಲಿ, ಬಿಸಿಲು ಏರಿದ ಮೇಲೆ. ಮಂಜಲ್ಲಿ ಹೋದ್ರೆ ಓತಿ ಅಲ್ಲಾಡಲ್ಲ, ಅದಕ್ಕೆ ಮೈ ಬೆಚ್ಚಗಾಗ್ಬೇಕು. ಬಾಲ ಸೇರಿ ಗೇಣುದ್ದ ಅಷ್ಟೇ, ತೊಗಟೆ ಬಣ್ಣ, ಎದುರಿಗೇ ಇದ್ರೂ ಕಾಣಲ್ಲ. ನಮ್ಮ ಗುಂಪಲ್ಲಿ ಅಡಿಕೆ ಕೊನೆ ತೆಗೆಯೋ ಅಜ್ಜ ಒಬ್ರಿದ್ರು, ವರ್ಷಾನುಗಟ್ಲೆ ಮರದ ತುದೀಲಿ ಅದನ್ನ ನೋಡಿದವರು. "ಓತಿ ಹುಡುಕ್ಬೇಡ್ರೋ, ಹಳದಿ ಹುಡುಕಿ" ಅಂದ್ರು. ಗಂಡು ಓತಿ ಗಂಟಲ ಕೆಳಗಿನ ಹಳದಿ ಚರ್ಮ ಪಟಪಟ ಬಿಚ್ಚಿ ಮಡಚ್ತಾ ಇರುತ್ತೆ, ಎಂಟನೇ ಕ್ಲಾಸಿನ ಹುಡುಗಿ ಅದನ್ನ ನೋಡೇ ಮೊದಲು ಕೂಗಿದ್ಲು. ನಾವು ಹತ್ರ ಹೋದಂಗೆ ಅದು ಮರದ ಆಚೆ ಬದಿಗೆ ಸರಿಯೋದು, ಅಜ್ಜ ಇಬ್ಬರನ್ನ ಆ ಕಡೆ ನಿಲ್ಲಿಸಿದ್ರು. ಆಮೇಲೆ ನೋಡಿ, ಪಕ್ಕೆಲುಬು ಅಗಲಿಸಿ ರೆಕ್ಕೆ ಬಿಚ್ಕೊಂಡು ಮುಂದಿನ ಮರಕ್ಕೆ ತೇಲ್ತು, ಹೊರಟ ಎತ್ತರಕ್ಕಿಂತ ಎಷ್ಟೋ ಕೆಳಗೆ ಬಂದು ಅಂಟ್ಕೊಂಡು, ಇರುವೆ ತಿನ್ನುತ್ತಾ ಮತ್ತೆ ಮೇಲಕ್ಕೆ ಹತ್ತೋಕೆ ಶುರು ಮಾಡ್ತು.

ಅಲ್ಲೇ ಅಡಿಕೆ ಹಾಳೆ ಹಾಸ್ಕೊಂಡು ಕೂತು ಉಳಿದಿದ್ದನ್ನ ಓದಿ ಮುಗಿಸಿದ್ವಿ. ಕಾದಂಬರಿ ಕೊನೇಲಿ ಓತಿ ಕೈಗೆ ಸಿಗದೆ ಹಾರಿ ಹೋಗುತ್ತಲ್ಲ, ಸಿಕ್ಕಿದ್ರೆ ಒಳ್ಳೇದಿತ್ತಾ ಇಲ್ವಾ ಅಂತ ದೊಡ್ಡ ಜಗಳಾನೇ ಆಯ್ತು, ಅಜ್ಜನೂ ಬಿಡಲಿಲ್ಲ. ಪ್ರಶ್ನೆಪತ್ರಿಕೆ ತರದ ಚರ್ಚೆ ಇಟ್ಟಿದ್ರೆ ಇಷ್ಟು ಮಾತು ಹೊರಡ್ತಾನೇ ಇರಲಿಲ್ಲ.

ನೀವು ಮಾಡೋದಾದ್ರೆ ಕಾಡಿಗಿಂತ ತೋಟ ಸುಲಭ, ಯಜಮಾನ್ರನ್ನ ಒಂದು ಮಾತು ಕೇಳಿದ್ರೆ ಆಯ್ತು. ಓತೀನ ಮುಟ್ಟೋದು, ಕಲ್ಲು ಹೊಡೆದು ಹಾರಿಸೋದು ಬೇಡ ಅಂತ ಮಕ್ಕಳಿಗೆ ಹೊರಡೋ ಮುಂಚೇನೇ ಹೇಳಿ. ಹೆಣ್ಣು ಓತಿ ಮೊಟ್ಟೆ ಇಡೋಕೆ ನೆಲಕ್ಕೆ ಇಳಿಯುತ್ತೆ, ಮರದ ಬುಡದ ಮಣ್ಣು ಕೆದಕೋಕೂ ಬಿಡ್ಬೇಡಿ.